ಹಳೇ ಪ್ರಿಯಸ್‌ನ ಸ್ಟೇರಿಂಗ್ ದಿನೇ ದಿನೇ ಕೆಡುತ್ತಿದ್ದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಬಳಗದಲ್ಲಿ ಅಮೆರಿಕಕ್ಕೆ ಬಂದು ಮೊದಲ ಗಾಡಿ ಅಂತ ಸೆಕೆಂಡ್ ಹ್ಯಾಂಡ್ ಪ್ರಿಯಸ್ (ಎಂಜಿನ್ನೂ ಬ್ಯಾಟರಿಯ ಮೋಟರೂ ಎರಡೂ ಇರುವ ಟೊಯೋಟಾದ ಹೈಬ್ರಿಡ್ ಕಾರು) ಕೊಂಡವರು ಬೇಕಾದಷ್ಟಿದ್ದಾರೆ. ಅದರಲ್ಲೂ 2004ರಿಂದ 2009ರವರೆಗಿನ ಎರಡನೇ ತಲೆಮಾರಿನ ಮಾಡೆಲ್ಲೇ ಹೆಚ್ಚು. ಆ ಗಾಡಿಗಳಿಗೆಲ್ಲ ಈಗ ಹದಿನಾರು, ಹದಿನೆಂಟು, ಇಪ್ಪತ್ತು ವರ್ಷ. ವಾರದ ದಿನಗಳಲ್ಲಿ ನಾನು ಕಂಪ್ಯೂಟರ್ ಮುಂದೆ ಕೂರುವವನು, ಶನಿವಾರ ಮಾತ್ರ ಜ್ಯಾಕ್ ಸ್ಟ್ಯಾಂಡಿನ ಕೆಳಗೆ ಮಲಗುವವನು. ಸ್ಟೇರಿಂಗ್ ಬಗ್ಗೆ ಫೋನಿನಲ್ಲಿ ಮತ್ತೆ ಮತ್ತೆ ಹೇಳಿ ಸಾಕಾದ ಉತ್ತರಗಳನ್ನೆಲ್ಲ ಇಲ್ಲಿ ಒಂದು ಕಡೆ ಬರೆದಿಟ್ಟಿದ್ದೇನೆ. ಬೇರೆ ಹಳೇ ಹೈಬ್ರಿಡ್ ಇರುವವರಿಗೂ ಇದರಲ್ಲಿ ಬಹುಪಾಲು ಉಪಯೋಗಕ್ಕೆ ಬರುತ್ತದೆ.

ಸ್ಟೇರಿಂಗ್ ಸರಿ ಇಲ್ಲ, ದಿನೇ ದಿನೇ ಜಾಸ್ತಿ ಆಗ್ತಿದೆ. ಮೊದಲು ಏನು ಮಾಡಲಿ?

ಒಂದು ಸಣ್ಣ ನೋಟ್‌ಬುಕ್ಕೂ ಪೆನ್ನೂ ತಂದು ಗಾಡಿಯಲ್ಲಿಡಿ. ತಮಾಷೆಗೆ ಹೇಳುತ್ತಿಲ್ಲ. "ಸ್ಟೇರಿಂಗ್ ಸರಿ ಇಲ್ಲ" ಅನ್ನುವುದು ಡಾಕ್ಟರ ಹತ್ತಿರ ಹೋಗಿ "ಮೈ ಹುಷಾರಿಲ್ಲ" ಅಂದ ಹಾಗೆ. ಬಿಗಿಯಾಗಿದೆಯೋ, ಸಡಿಲವಾಗಿದೆಯೋ, ತಾನಾಗಿ ಅದುರುತ್ತದೆಯೋ, ಕಟಕ್ ಅನ್ನುತ್ತದೆಯೋ, ಒಂದೇ ಕಡೆಗೆ ಎಳೆಯುತ್ತದೆಯೋ, ತಿರುಗಿಸಿ ಬಿಟ್ಟರೆ ನೇರಕ್ಕೆ ವಾಪಸ್ ಬರುವುದಿಲ್ಲವೋ? ಈ ಆರರಲ್ಲಿ ನಿಮ್ಮದು ಯಾವುದು ಅಂತ ಮೊದಲು ಗೊತ್ತಾಗಬೇಕು. ಆಮೇಲೆ ಅದು ಯಾವಾಗ ಬರುತ್ತದೆ ಅನ್ನುವುದು. ಬೆಳಿಗ್ಗೆ ಚಳಿಯಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ? ಪಾರ್ಕಿಂಗ್ ಲಾಟ್‌ನಲ್ಲಿ? ಹೈವೇಯಲ್ಲಿ? ಹಳ್ಳ ಹಾರಿದ ಮೇಲೆ? ಡ್ಯಾಶ್‌ಬೋರ್ಡಿನಲ್ಲಿ ಏನಾದರೂ ಲೈಟ್ ಬಂತೇ?

ಜಾಸ್ತಿ ಆಗುತ್ತಿದೆ ಅನ್ನುವುದಕ್ಕೂ ಲೆಕ್ಕ ಬೇಕು. ತಿಂಗಳಿಗೊಮ್ಮೆ ಬರುತ್ತಿದ್ದದ್ದು ವಾರಕ್ಕೊಮ್ಮೆ ಬಂದರೆ ಅದು ಒಂದು ಜಾತಿಯ ರೋಗ, ಸಾಮಾನ್ಯವಾಗಿ ಸೆನ್ಸರ್, ವೈರು, ಕನೆಕ್ಟರ್ ಕಡೆಯದು. ಯಾವಾಗಲೂ ಇದ್ದೇ ಇರುವ ಸದ್ದು ಮೆಲ್ಲಗೆ ದೊಡ್ಡದಾಗುತ್ತಾ ಹೋದರೆ ಅದು ಸವೆತ, ಅಂದರೆ ಕಬ್ಬಿಣದ ಕಡೆಯದು. ಇಷ್ಟು ಬೇರ್ಪಡಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಈ ಸ್ಥಿತಿಯಲ್ಲಿ ಗಾಡಿ ಓಡಿಸಬಹುದಾ?

ನೆರವು (ಸ್ಟೇರಿಂಗ್ ಹಗುರ ಮಾಡಲು ಮೋಟರ್ ಕೊಡುವ ಬಲ) ಮಾತ್ರ ನಿಂತು ಸ್ಟೇರಿಂಗ್ ಬರೀ ಬಿಗಿಯಾಗಿದ್ದರೆ ಗಾಡಿ ಕೈ ತಪ್ಪಿ ಹೋಗುವುದಿಲ್ಲ. ಸ್ಟೇರಿಂಗಿನಿಂದ ಮುಂದಿನ ಗಾಲಿಗಳವರೆಗೆ ಕಬ್ಬಿಣದ ಸರಳಿನ ಸಂಬಂಧ ಇದ್ದೇ ಇರುತ್ತದೆ. ಕರೆಂಟ್ ಹೋದರೂ ತಿರುಗಿಸಬಹುದು. ನಿಂತಲ್ಲೇ ತಿರುಗಿಸಲು ತೋಳಿನ ಬಲವೆಲ್ಲ ಬೇಕಾಗುತ್ತದೆ, ಗಾಡಿ ಓಡುತ್ತಿದ್ದರೆ ಅಷ್ಟು ಕಷ್ಟವಿಲ್ಲ. ನಿಧಾನವಾಗಿ, ಹೈವೇ ಬಿಟ್ಟು, ಹತ್ತಿರದ ಗ್ಯಾರೇಜಿನವರೆಗೆ ತರಬಹುದು. ಆದರೆ ಮನೆಯಲ್ಲಿ ವಯಸ್ಸಾದವರೂ ಅದೇ ಗಾಡಿ ಓಡಿಸುತ್ತಿದ್ದರೆ ಬೀಗದ ಕೈ ಎತ್ತಿಡಿ. ತಿರುವಿನ ಮಧ್ಯೆ ನೆರವು ಹಠಾತ್ತನೆ ಕೈಕೊಟ್ಟರೆ ಅವರಿಂದ ಸಂಭಾಳಿಸಲು ಆಗುವುದಿಲ್ಲ.

ಮೂರು ಲಕ್ಷಣಗಳಿಗೆ ಮಾತ್ರ ಓಡಿಸಲೇಬೇಡಿ, ಟೋ ಮಾಡಿಸಿ. ಸ್ಟೇರಿಂಗ್ ಸ್ವಲ್ಪ ತಿರುಗಿಸಿದರೂ ಗಾಲಿ ತಿರುಗದೆ ನಡುವೆ ಖಾಲಿ ಆಟ ಹೆಚ್ಚುತ್ತಿದ್ದರೆ, ನೇರ ಹೋಗುವಾಗ ಸ್ಟೇರಿಂಗ್ ಇರುವ ಕೋನ ತಾನಾಗಿ ಬದಲಾಗಿದ್ದರೆ, ಮತ್ತು ಓಡುವಾಗ ಸ್ಟೇರಿಂಗ್ ತನ್ನಷ್ಟಕ್ಕೆ ಹಠಾತ್ತನೆ ಒಂದು ಕಡೆಗೆ ಜಗ್ಗಿದರೆ.

ಹೈಬ್ರಿಡ್‌ನ ಸ್ಟೇರಿಂಗ್ ಬೇರೆ ಗಾಡಿಗಿಂತ ಹೇಗೆ ಬೇರೆ?

ಹಳೇ ಕಾಲದ ಪವರ್ ಸ್ಟೇರಿಂಗಿನಲ್ಲಿ ಎಂಜಿನ್ನು ಬೆಲ್ಟ್ ಮೂಲಕ ಒಂದು ಪಂಪ್ ತಿರುಗಿಸುತ್ತದೆ, ಪಂಪು ಆಯಿಲ್ ಒತ್ತುತ್ತದೆ. ಹೈಬ್ರಿಡ್‌ನಲ್ಲಿ ಟ್ರಾಫಿಕ್ ಸಿಗ್ನಲ್‌ನಲ್ಲಿ ನಿಂತ ಕೂಡಲೇ ಎಂಜಿನ್ನೇ ನಿಂತುಹೋಗುತ್ತದೆ. ಆ ಪಂಪನ್ನು ನಂಬಿದ್ದರೆ ಪಾರ್ಕಿಂಗ್ ಮಾಡುವಾಗಲೇ ಕೈ ಕೊಡುತ್ತಿತ್ತು. ಅದಕ್ಕೇ ಇಲ್ಲಿ ಎಲೆಕ್ಟ್ರಿಕ್ ಮೋಟರ್. ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ ಅದು ಸ್ಟೇರಿಂಗ್ ಕಾಲಮ್ಮಿಗೇ (ಸ್ಟೇರಿಂಗ್ ಚಕ್ರದಿಂದ ಕೆಳಗಿಳಿಯುವ ಕಂಬ) ಅಂಟಿಕೊಂಡಿದೆ, ಡ್ಯಾಶ್‌ಬೋರ್ಡಿನ ಒಳಗೆ, ನಿಮ್ಮ ಮೊಣಕಾಲಿನ ಮೇಲ್ಭಾಗದಲ್ಲಿ. ಪಂಪಿಲ್ಲ, ಬೆಲ್ಟಿಲ್ಲ, ಆಯಿಲ್ ಇಲ್ಲ. ಯಾವುದಾದರೂ ಗ್ಯಾರೇಜಿನಲ್ಲಿ ಈ ಗಾಡಿಗೆ "ಪವರ್ ಸ್ಟೇರಿಂಗ್ ಫ್ಲೂಯಿಡ್ ಬದಲಾಯಿಸಬೇಕು ಸರ್" ಅಂದರೆ ಥ್ಯಾಂಕ್ಸ್ ಹೇಳಿ ಆಚೆ ಬನ್ನಿ.

ಕಾಲಮ್ಮಿನ ಒಳಗೆ ಒಂದು ತೆಳ್ಳಗಿನ ಸರಳು ಇರುತ್ತದೆ, ಟಾರ್ಷನ್ ಬಾರ್ ಅಂತ. ನೀವು ಸ್ಟೇರಿಂಗ್ ತಿರುಗಿಸಿದಾಗ ಅದು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಎಷ್ಟು, ಯಾವ ಕಡೆಗೆ ಅನ್ನುವುದನ್ನು ಟಾರ್ಕ್ ಸೆನ್ಸರ್ ಅಳೆದು ಸ್ಟೇರಿಂಗಿನ ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರು ಗಾಡಿಯ ವೇಗವನ್ನೂ ನೋಡಿ ಮೋಟರಿಗೆ ಎಷ್ಟು ಕರೆಂಟ್ ಕೊಡಬೇಕು ಅಂತ ತೀರ್ಮಾನಿಸುತ್ತದೆ. ವೇಗ ಕಮ್ಮಿಯಿದ್ದರೆ ಹೆಚ್ಚು ನೆರವು, ವೇಗ ಹೆಚ್ಚಿದರೆ ಕಮ್ಮಿ. ಮುಂದೆ ಹೇಳುವುದೆಲ್ಲ ಅರ್ಥವಾಗಲು ಇಷ್ಟು ತಲೆಯಲ್ಲಿರಲಿ.

ಹೈಬ್ರಿಡ್ ಬ್ಯಾಟರಿ ಹಳತಾಗಿದೆ. ಅದರಿಂದ ಸ್ಟೇರಿಂಗ್ ಬಿಗಿ ಆಗಿರಬಹುದಾ?

ಎಲ್ಲರೂ ದೊಡ್ಡ ಬ್ಯಾಟರಿಯ ಕಡೆಗೇ ಬೆರಳು ತೋರಿಸುತ್ತಾರೆ. ಸಂಶಯ ಪಡಬೇಕಾದದ್ದು ಚಿಕ್ಕದರ ಮೇಲೆ. ಈ ಗಾಡಿಯಲ್ಲಿ 201.6 ವೋಲ್ಟಿನ ದೊಡ್ಡ ಬ್ಯಾಟರಿ ಹಿಂದಿನ ಸೀಟಿನ ಬೆನ್ನಿಗಿದೆ. ಅದರ ಕೆಲಸ ಗಾಡಿ ಓಡಿಸುವುದು. ಸ್ಟೇರಿಂಗ್ ಮೋಟರಿಗೆ ಕರೆಂಟ್ ಬರುವುದು 12 ವೋಲ್ಟಿನ ಸಾಲಿನಿಂದ. ಗಾಡಿ ರೆಡಿ ಸ್ಥಿತಿಯಲ್ಲಿದ್ದಾಗ (ಹೊರಡಲು ಸಿದ್ಧ ಅಂತ ಡ್ಯಾಶ್‌ಬೋರ್ಡಿನಲ್ಲಿ ರೆಡಿ ದೀಪ ಬಂದಾಗ) ದೊಡ್ಡ ಬ್ಯಾಟರಿಯ ಕರೆಂಟನ್ನು ಇಳಿಸಿ 12 ವೋಲ್ಟಿನ ಸಾಲಿಗೆ ಕೊಡುವ ಕನ್ವರ್ಟರ್ ಒಂದಿದೆ. ಸ್ಟೇರಿಂಗ್ ಮೋಟರ್ ಒಮ್ಮೆಲೇ ಜಾಸ್ತಿ ಕರೆಂಟ್ ಕೇಳಿದಾಗ 12 ವೋಲ್ಟ್ ಬ್ಯಾಟರಿ ಕುಸಿದರೆ ಕಂಪ್ಯೂಟರ್ ಗಾಬರಿಯಾಗಿ ನೆರವು ನಿಲ್ಲಿಸುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ನಾಲ್ಕು ವಾರ್ನಿಂಗ್ ಲೈಟು ಒಟ್ಟಿಗೇ ಬಂದರೆ ನಾನು ಮೊದಲು ಹೋಗುವುದು ಗಾಡಿಯ ಹಿಂಭಾಗದ ಬಲಮೂಲೆಗೆ. ಆ ಚಿಕ್ಕ ಬ್ಯಾಟರಿ ಇರುವುದು ಅಲ್ಲೇ.

ಆ 12 ವೋಲ್ಟ್ ಬ್ಯಾಟರಿಯನ್ನು ಮನೆಯಲ್ಲೇ ಪರೀಕ್ಷಿಸುವುದು ಹೇಗೆ?

ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಬಾಗಿಲು ತೆಗೆದು ದೀಪಗಳೆಲ್ಲ ಆರುವವರೆಗೆ ಕಾದು, ಮಲ್ಟಿಮೀಟರ್ ಹಚ್ಚಿ ನೋಡಿ. 12.5 ಅಥವಾ ಮೇಲಿದ್ದರೆ ನೆಮ್ಮದಿ. 12.2ರ ಹತ್ತಿರ ಇದ್ದರೆ ಚಾರ್ಜ್ ಕಮ್ಮಿ. 12ಕ್ಕಿಂತ ಕೆಳಗಿದ್ದರೆ ಬೇರೆ ಯಾವ ಪರೀಕ್ಷೆಗೂ ಅರ್ಥವಿಲ್ಲ, ಮೊದಲು ಬ್ಯಾಟರಿ. ಆಮೇಲೆ ಗಾಡಿಯನ್ನು ರೆಡಿಗೆ ತನ್ನಿ. ಕನ್ವರ್ಟರ್ ಸರಿಯಿದ್ದರೆ ಮೀಟರ್ 13.8ರ ಆಸುಪಾಸಿಗೋ ಮೇಲಕ್ಕೋ ಏರಬೇಕು. ಹೆಡ್‌ಲೈಟ್, ಹಿಂದಿನ ಗಾಜಿನ ಹೀಟರ್ ಎಲ್ಲ ಹಾಕಿ, ಒಬ್ಬರು ಸ್ಟೇರಿಂಗ್ ತಿರುಗಿಸುತ್ತಿರುವಾಗ ಇನ್ನೊಬ್ಬರು ಮೀಟರ್ ನೋಡಿ. ಮುಳ್ಳು ಧೊಪ್ಪನೆ ಬಿದ್ದರೆ ಬ್ಯಾಟರಿ, ಟರ್ಮಿನಲ್ ಅಥವಾ ಅರ್ಥ್ ವೈರಿನಲ್ಲಿ (ಬ್ಯಾಟರಿಯ ನೆಗೆಟಿವ್ ಕಡೆಯನ್ನು ಗಾಡಿಯ ಮೈಗೆ ಜೋಡಿಸುವ ವೈರು) ಏನೋ ಇದೆ.

ಮೀಟರ್ ಇಲ್ಲದವರಿಗೆ ಈ ಗಾಡಿಯಲ್ಲೇ ಒಂದು ಬಚ್ಚಿಟ್ಟ ಪರದೆ ಇದೆ, ನನಗೆ ಬಹಳ ಇಷ್ಟ. ಬ್ರೇಕ್ ಒತ್ತದೆ ಪವರ್ ಬಟನ್ ಒಂದು ಸಲ ಒತ್ತಿ. ಪರದೆಯ ಪಕ್ಕದ ಇನ್ಫೋ ಬಟನ್ ಅದುಮಿ ಹಿಡಿದುಕೊಂಡೇ ಪಾರ್ಕಿಂಗ್ ಲೈಟನ್ನು ಮೂರು ಸಲ ಹಾಕಿ ಆರಿಸಿ. ಡಯಾಗ್ನೋಸ್ಟಿಕ್ ಪರದೆ ತೆರೆದುಕೊಳ್ಳುತ್ತದೆ. ಅದರಲ್ಲಿ ಮೆನು, ಡಿಸ್‌ಪ್ಲೇ ಚೆಕ್, ವೆಹಿಕಲ್ ಸಿಗ್ನಲ್ ಚೆಕ್ ಅಂತ ಹೋದರೆ ಬ್ಯಾಟರಿಯ ವೋಲ್ಟೇಜ್ ಕಾಣಿಸುತ್ತದೆ. ಮೀಟರಿನಷ್ಟು ಕರಾರುವಾಕ್ಕಲ್ಲ, ಆದರೂ ಬ್ಯಾಟರಿ ಸತ್ತಿದೆಯೋ ಬದುಕಿದೆಯೋ ಹೇಳಲು ಸಾಕು.

ಬದಲಾಯಿಸುವುದಾದರೆ ಈ ಗಾಡಿಗೆಂದೇ ಮಾಡಿದ ಬ್ಯಾಟರಿ ಹಾಕಿಸಿ. ಇದು ಪ್ರಯಾಣಿಕರು ಕೂರುವ ಜಾಗದ ಒಳಗೇ ಇರುವುದರಿಂದ, ಅದರ ಗ್ಯಾಸ್ ಹೊರಗೆ ಹೋಗಲು ಒಂದು ಸಣ್ಣ ಕೊಳವೆ ಇರುತ್ತದೆ. ಅಗ್ಗಕ್ಕೆ ಸಿಕ್ಕ ಮಾಮೂಲಿ ಬ್ಯಾಟರಿ ತುರುಕಿ ಆ ಕೊಳವೆಯನ್ನು ಹಾಗೇ ನೇತಾಡಲು ಬಿಟ್ಟವರನ್ನು ನೋಡಿದ್ದೇನೆ. ಜಂಪ್ ಸ್ಟಾರ್ಟ್ ಮಾಡುವಾಗ ಕೆಂಪು, ಕಪ್ಪು ಅದಲುಬದಲು ಆಯಿತೋ, ಬ್ಯಾಟರಿಯ ದುಡ್ಡಿನ ಹತ್ತಾರು ಪಟ್ಟು ಕನ್ವರ್ಟರಿಗೆ ಕಟ್ಟಬೇಕಾದೀತು.

ಕೆಂಪು ತ್ರಿಕೋನ ಬಂತು, ಪರದೆ ಮೇಲೆ ಸ್ಟೇರಿಂಗ್ ಚಿತ್ರವೂ ಬಂತು. ಕೋಡ್ ಓದಿಸಿದರೆ ಗೊತ್ತಾಗುತ್ತಾ?

ಗೊತ್ತಾಗುತ್ತದೆ, ಸರಿಯಾದ ಸ್ಕ್ಯಾನರ್ ಇದ್ದರೆ. ಕೋಡ್ ಅಂದರೆ ಏನು ಕೆಟ್ಟಿದೆ ಅಂತ ಗಾಡಿಯ ಕಂಪ್ಯೂಟರ್ ಬರೆದಿಟ್ಟುಕೊಳ್ಳುವ ನಂಬರು. ಇಪ್ಪತ್ತು ಡಾಲರಿನ ಸ್ಕ್ಯಾನರ್ ಎಂಜಿನ್ನಿನ ಕೋಡನ್ನಷ್ಟೇ ಓದುತ್ತದೆ. ಸ್ಟೇರಿಂಗ್ ಕಂಪ್ಯೂಟರಿನ ಜೊತೆ ಅದಕ್ಕೆ ಮಾತೇ ಇಲ್ಲ. "ಕೋಡ್ ಏನೂ ಇಲ್ಲ ಸರ್" ಅಂದ ಮೆಕ್ಯಾನಿಕ್ಕನ ಕೈಯಲ್ಲಿ ಯಾವ ಸ್ಕ್ಯಾನರ್ ಇತ್ತು ಅಂತ ಕೇಳಿ. ಟೊಯೋಟಾದ ಟೆಕ್‌ಸ್ಟ್ರೀಮ್ ಸಾಫ್ಟ್‌ವೇರ್, ಇಲ್ಲವೇ ಸ್ಟೇರಿಂಗ್ ಮತ್ತು ಬ್ರೇಕ್ ಕಂಪ್ಯೂಟರುಗಳನ್ನೂ ಓದಬಲ್ಲ ಸ್ಕ್ಯಾನರ್ ಬೇಕು.

ಈ ಗಾಡಿಯಲ್ಲಿ ಸ್ಟೇರಿಂಗಿನ ಕೋಡುಗಳು ಸಿ15ರಿಂದ ಶುರುವಾಗುತ್ತವೆ. ಸಿ1511, ಸಿ1512 ಮುಂತಾದವು ಟಾರ್ಕ್ ಸೆನ್ಸರಿನವು. ಸಿ1515 ಬಂದರೆ ಸೆನ್ಸರಿನ ಝೀರೋ ಪಾಯಿಂಟ್ (ಯಾರೂ ತಿರುಗಿಸದಿದ್ದಾಗ ಅದು ಸೊನ್ನೆ ಅನ್ನಬೇಕಾದ ಜಾಗ) ಹೊಂದಿಸಿಲ್ಲ ಅಂತ. ಸಿ1524 ಮೋಟರಿನ ಸರ್ಕ್ಯೂಟಿನದು. ಕೋಡ್ ನಿಮಗೆ ಬೀದಿ ತೋರಿಸುತ್ತದೆ, ಮನೆ ಹುಡುಕುವ ಕೆಲಸ ಇನ್ನೂ ಇರುತ್ತದೆ. ಟಾರ್ಕ್ ಸೆನ್ಸರ್ ಕೋಡ್ ಬಂದಾಗ ಕೆಟ್ಟಿರುವುದು ಸೆನ್ಸರೇ ಇರಬಹುದು, ಅದರ ಕನೆಕ್ಟರಿನ ಪಿನ್ನಿಗೆ ಹಸಿರು ಕಿಲುಬು ಹಿಡಿದಿರಬಹುದು, ವೈರನ್ನು ಇಲಿ ಕಡಿದಿರಬಹುದು. ಕನೆಕ್ಟರ್ ಬಿಚ್ಚಿ, ನೋಡಿ, ಒರೆಸಿ, ಮತ್ತೆ ಕೂರಿಸಿ, ಕೋಡ್ ಅಳಿಸಿ, ಅದೇ ಕೋಡ್ ಮತ್ತೆ ಬರುತ್ತದೋ ಅಂತ ಕಾಯುವುದಕ್ಕೆ ಕಾಸು ಖರ್ಚಿಲ್ಲ. ಅಳಿಸುವ ಮುಂಚೆ ಕೋಡನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಸ್ಟಾರ್ಟ್ ಮಾಡಿದ ಕೂಡಲೇ ಸ್ಟೇರಿಂಗ್ ತಾನಾಗಿ ಎಡಕ್ಕೂ ಬಲಕ್ಕೂ ಅದುರುತ್ತದೆ. ದೆವ್ವ ಹಿಡಿದ ಹಾಗೆ.

ಹೆದರಿ ಫೋನ್ ಮಾಡುವವರಲ್ಲಿ ಹೆಚ್ಚಿನವರ ದೂರು ಇದೇ. ಬೆಳಿಗ್ಗೆ ಪವರ್ ಒತ್ತುತ್ತೀರಿ, ಕೈ ಇಟ್ಟಿಲ್ಲ, ಸ್ಟೇರಿಂಗ್ ಟಕಟಕ ಅಂತ ಎಡಬಲ ಕುಣಿಯುತ್ತದೆ, ಒಂದೆರಡು ಸೆಕೆಂಡು. ಆಮೇಲೆ ಲೈಟ್ ಬಂದು ನೆರವು ನಿಂತು ಬಿಗಿಯಾಗುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಏನೂ ಆಗೇ ಇಲ್ಲವೆಂಬಂತೆ ಸರಿಹೋಗುತ್ತದೆ. ಮೊದಮೊದಲು ತಿಂಗಳಿಗೊಮ್ಮೆ, ಆಮೇಲೆ ಚಳಿ ಬಿದ್ದ ಪ್ರತಿ ಬೆಳಿಗ್ಗೆ, ಕೊನೆಗೆ ಮಧ್ಯಾಹ್ನದ ಬಿಸಿಲಲ್ಲೂ.

ಇದಕ್ಕೆ ಕಾರಣ ಸುಲಭವಾಗಿ ಊಹಿಸಬಹುದು. ಟಾರ್ಕ್ ಸೆನ್ಸರ್ ಸುಳ್ಳು ಹೇಳಲು ಶುರು ಮಾಡಿದೆ. ಯಾರೂ ಮುಟ್ಟದಿದ್ದರೂ "ಎಡಕ್ಕೆ ತಿರುಗಿಸುತ್ತಿದ್ದಾರೆ" ಅನ್ನುತ್ತದೆ. ಕಂಪ್ಯೂಟರು ನಂಬಿ ಮೋಟರಿಗೆ ಎಡಕ್ಕೆ ತಳ್ಳಲು ಹೇಳುತ್ತದೆ. ಮೋಟರು ತಳ್ಳಿದ್ದೇ ಸರಳು ಇನ್ನೊಂದು ಕಡೆಗೆ ತಿರುಚಿಕೊಂಡು, ಈಗ "ಬಲಕ್ಕೆ" ಅನ್ನುತ್ತದೆ. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುತ್ತಾರೆ. ಕೊನೆಗೆ ಕಂಪ್ಯೂಟರಿಗೇ ಅನುಮಾನ ಬಂದು ನೆರವನ್ನು ಕಡಿದುಹಾಕುತ್ತದೆ. ಹಾಗೆ ಕಡಿಯುವುದು ನಿಮ್ಮ ಒಳ್ಳೆಯದಕ್ಕೇ.

ಇತ್ತೀಚೆಗೆ ಯಾರಾದರೂ ಕಾಲಮ್ ಬಿಚ್ಚಿದ್ದರೋ, ಸ್ಟೇರಿಂಗ್ ಕಂಪ್ಯೂಟರ್ ಬದಲಾಯಿಸಿದ್ದರೋ ಅಂತ ಮೊದಲು ವಿಚಾರಿಸಿ. ಹೌದಾದರೆ ಝೀರೋ ಪಾಯಿಂಟ್ ಕ್ಯಾಲಿಬ್ರೇಷನ್ ಮಾಡಿಸಿದರೆ ಮುಗಿದೀತು. ಆಮೇಲೆ 12 ವೋಲ್ಟ್, ಆಮೇಲೆ ಕನೆಕ್ಟರ್. ಮೂರೂ ಸರಿಯಿದ್ದು ಟಾರ್ಕ್ ಸೆನ್ಸರ್ ಕೋಡ್ ಮರುಕಳಿಸುತ್ತಲೇ ಇದ್ದರೆ ಕಾಲಮ್ ಬದಲಾಯಿಸಬೇಕು. ಸೆನ್ಸರ್ ಕಾಲಮ್ಮಿನ ಜೊತೆಯಲ್ಲೇ ಬರುತ್ತದೆ. ಈ ಲಕ್ಷಣ ತಾನಾಗಿ ವಾಸಿಯಾದದ್ದನ್ನು ನಾನು ಒಂದು ಸಲವೂ ನೋಡಿಲ್ಲ.

ಹೈವೇಯಲ್ಲಿ ಗಂಟೆಗೆ 55-65 ಮೈಲಿಯಲ್ಲಿ ಮಾತ್ರ ಬರುವ ಸಣ್ಣ ನಡುಕವನ್ನು ಇದರ ಜೊತೆ ಸೇರಿಸಬೇಡಿ. ಅದು ಬಹುತೇಕ ಟೈರ್ ಬ್ಯಾಲೆನ್ಸಿಂಗ್. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಬ್ರೇಕ್ ಡಿಸ್ಕ್.

ನಿಧಾನವಾಗಿ ತಿರುಗಿಸುವಾಗ ಕಟಕ್ ಅನ್ನುತ್ತದೆ. ಕೈಗೂ ತಾಗುತ್ತದೆ.

ಕೈಗೆ ತಾಗುತ್ತದೆ ಅಂದಿರಲ್ಲ, ಅದು ಮುಖ್ಯ. ಕಿವಿಗಷ್ಟೇ ಕೇಳಿಸಿದರೆ ಸಸ್ಪೆನ್ಷನ್ ಕಡೆ ಹುಡುಕಬಹುದು. ಬೆರಳಿಗೇ ತಟ್ಟಿದರೆ ಸ್ಟೇರಿಂಗಿನ ಸರಳಿನಲ್ಲೇ ಎಲ್ಲೋ ಸಡಿಲವಿದೆ.

ಇಲ್ಲಿ ರೀಕಾಲ್ ವಿಷಯ ಹೇಳಲೇಬೇಕು. 2012ರ ನವೆಂಬರ್‌ನಲ್ಲಿ ಟೊಯೋಟಾ ಜಗತ್ತಿನಾದ್ಯಂತ ಸುಮಾರು 27 ಲಕ್ಷ 70 ಸಾವಿರ ಗಾಡಿಗಳನ್ನು ವಾಪಸ್ ಕರೆಯಿತು. ಅಮೆರಿಕದಲ್ಲಿ 2004ರಿಂದ 2009ರ ಪ್ರಿಯಸ್‌ಗಳೇ ಸುಮಾರು 6 ಲಕ್ಷ 70 ಸಾವಿರ. ಕಾಲಮ್ಮನ್ನೂ ಕೆಳಗೆ ಗಾಲಿಗಳನ್ನು ತಿರುಗಿಸುವ ಸ್ಟೇರಿಂಗ್ ಗೇರನ್ನೂ ಜೋಡಿಸುವ ಇಂಟರ್‌ಮೀಡಿಯೆಟ್ ಎಕ್ಸ್‌ಟೆನ್ಷನ್ ಶಾಫ್ಟಿನ ಕೆಲವು ಭಾಗಗಳ ಉಕ್ಕು ಸಾಕಷ್ಟು ಗಟ್ಟಿಯಾಗಿರಲಿಲ್ಲ. ನಿಧಾನ ವೇಗದಲ್ಲಿ ಮತ್ತೆ ಮತ್ತೆ ಬಲವಾಗಿ ಕೊನೆಯವರೆಗೂ ತಿರುಗಿಸುತ್ತಿದ್ದರೆ ಶಾಫ್ಟಿನ ಹಲ್ಲುಗಳು ರೂಪ ಕೆಟ್ಟು ಸವೆದು, ಕಾಲಕ್ರಮೇಣ ಹಿಡಿತ ತಪ್ಪುವ ಸಾಧ್ಯತೆ ಇತ್ತು. ಪರಿಹಾರ, ಪುಕ್ಕಟೆಯಾಗಿ ಹೊಸ ಶಾಫ್ಟ್. ನಿಮ್ಮ ಗಾಡಿಗೆ ಆ ಕೆಲಸ ಆಗಿದೆಯೋ ಇಲ್ಲವೋ ನೋಡಲು ಎರಡು ನಿಮಿಷ ಸಾಕು. ವಿಂಡ್‌ಶೀಲ್ಡಿನ ಕೆಳಮೂಲೆಯಲ್ಲಿರುವ ಹದಿನೇಳು ಅಕ್ಷರಗಳ ವಿಐಎನ್ ನಂಬರನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ಜಾಲತಾಣದಲ್ಲಿ ಹಾಕಿದರೆ ಬಾಕಿ ಇರುವ ರೀಕಾಲ್ ಕಾಣಿಸುತ್ತದೆ. ಮೂರನೇ, ನಾಲ್ಕನೇ ಮಾಲೀಕರಾದವರು ಇದನ್ನು ಖಂಡಿತ ನೋಡಿ. ಮೊದಲಿನವರ ಮನೆಗೆ ಬಂದ ಪತ್ರ ಕಸದ ಬುಟ್ಟಿಗೆ ಹೋಗಿರುತ್ತದೆ.

ಸದ್ದು ಹುಡುಕುವ ವಿಧಾನ ಹೀಗೆ. ಇಬ್ಬರು ಬೇಕು. ಗಾಡಿ ನಿಂತಲ್ಲೇ, ಆಫ್ ಇರುವಾಗ, ಒಬ್ಬರು ಸ್ಟೇರಿಂಗನ್ನು ಗಡಿಯಾರದ ಮುಳ್ಳು ಐದು ನಿಮಿಷ ಓಡುವಷ್ಟು ದೂರ ಮಾತ್ರ ಎಡಬಲ ಅಲ್ಲಾಡಿಸುತ್ತಿರಲಿ. ಇನ್ನೊಬ್ಬರು ಪೆಡಲುಗಳ ಹತ್ತಿರ ಬಗ್ಗಿ ಶಾಫ್ಟಿನ ಜಾಯಿಂಟಿನ ಮೇಲೆ ಕೈ ಇಡಲಿ. ಸವೆದ ಜಾಯಿಂಟ್ ಇದ್ದರೆ ಮಣಿಕಟ್ಟಿನ ನಾಡಿಯಂತೆ ಟಿಕ್ ಅಂತ ಬೆರಳಿಗೆ ಸಿಕ್ಕೇ ಸಿಗುತ್ತದೆ. ಮೇಲಿನ ತುದಿ ತಿರುಗಿ ಕೆಳಗಿನ ತುದಿ ತಡವಾಗಿ ತಿರುಗಿದರೆ ಅಲ್ಲಿಗೇ ನಿಲ್ಲಿಸಿ, ಟೋ ಟ್ರಕ್ಕಿಗೆ ಫೋನ್ ಮಾಡಿ.

ಅಲ್ಲಿ ಏನೂ ಸಿಗದಿದ್ದರೆ ಗಾಡಿ ಎತ್ತಿ ಜ್ಯಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ, ಹಿಂದಿನ ಗಾಲಿಗಳಿಗೆ ಅಡ್ಡ ಕೊಟ್ಟು ನೋಡಿ. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಮುಂದಿನ ಗಾಲಿಯನ್ನು ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಆಟ ಸಿಕ್ಕರೆ ಟೈ ರಾಡ್ (ಸ್ಟೇರಿಂಗ್ ಗೇರಿನಿಂದ ಗಾಲಿಗೆ ಹೋಗುವ ಸರಳು). ಹನ್ನೆರಡು ಮತ್ತು ಆರರಲ್ಲಿ ಸಿಕ್ಕರೆ ಬಾಲ್ ಜಾಯಿಂಟ್ ಅಥವಾ ಗಾಲಿಯ ಬೇರಿಂಗ್. ಸ್ಪ್ರಿಂಗಿನ ಮೇಲ್ಭಾಗದಿಂದ ಟೊಯಿಂಗ್ ಅಂತ ಸದ್ದು ಬಂದರೆ ಸ್ಟ್ರಟ್ (ಸ್ಪ್ರಿಂಗ್ ಹೊತ್ತ ಶಾಕ್ ಅಬ್ಸಾರ್ಬರ್) ಮೌಂಟಿನ ಬೇರಿಂಗ್.

ಲೈಟ್ ಏನೂ ಇಲ್ಲ, ಆದರೆ ಸ್ಟೇರಿಂಗ್ ಬಿಗಿಯಾಗುತ್ತಾ ಹೋಗುತ್ತಿದೆ.

ಟೈರಿನ ಗಾಳಿ ನೋಡಿದಿರಾ? ಸ್ನೇಹಿತರೊಬ್ಬರು ಕಾಲಮ್ ಬದಲಾಯಿಸಲು ಅಡ್ವಾನ್ಸ್ ಕೊಟ್ಟು ಬಂದಿದ್ದರು. ಅಳೆದು ನೋಡಿದರೆ ಮುಂದಿನ ಎರಡೂ ಟೈರಿನಲ್ಲಿ 19 ಪಿಎಸ್ಐ. ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಮುಂದಕ್ಕೆ 35, ಹಿಂದಕ್ಕೆ 33 ಅಂತ ಬರೆದಿದೆ. ಗಾಳಿ ಹಿಡಿಸಿದ ಮೇಲೆ ಅವರು ನನ್ನ ಮುಖ ನೋಡಲಿಲ್ಲ, ಕಾಫಿ ಮಾತ್ರ ಕೊಡಿಸಿದರು.

ಗಾಳಿ ಸರಿಯಿದ್ದರೆ ಮುಂದಿನ ಎರಡೂ ಗಾಲಿ ನೆಲ ಬಿಡುವಂತೆ ಎತ್ತಿ, ಗಾಡಿ ಆಫ್ ಮಾಡಿ (ಸ್ಟೇರಿಂಗ್ ಲಾಕ್ ಇರುವ ಗಾಡಿಯಾದರೆ ಲಾಕ್ ಬಿಡಿಸಿ) ಕೈಯಿಂದ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಮೋಟರಿನ ನೆರವಿಲ್ಲದಿದ್ದರೂ ನೆಲದ ಘರ್ಷಣೆ ಇಲ್ಲದ್ದರಿಂದ ಒಂದೇ ಸಮನಾಗಿ ತಿರುಗಬೇಕು. ನಡುವೆ ಎಲ್ಲೋ ಗಂಟು ಸಿಕ್ಕಿದಂತೆ ಬಿಗಿಯಾದರೆ ರೋಗ ಕಬ್ಬಿಣದಲ್ಲಿದೆ. ತುಕ್ಕು ಹಿಡಿದ ಜಾಯಿಂಟ್, ಒಣಗಿದ ಸ್ಟ್ರಟ್ ಬೇರಿಂಗ್, ಅಥವಾ ರಬ್ಬರ್ ಬೂಟ್ ಹರಿದು ನೀರು ಹೋದ ಸ್ಟೇರಿಂಗ್ ಗೇರ್. ತಿರುಗಿಸಿ ಬಿಟ್ಟರೆ ನೇರಕ್ಕೆ ಬರದ ಸ್ಟೇರಿಂಗಿಗೂ ಇದೇ ಪರೀಕ್ಷೆ. ಎತ್ತಿದಾಗ ಬೆಣ್ಣೆಯಂತೆ ತಿರುಗಿ, ಇಳಿಸಿದಾಗ ಮಾತ್ರ ಬಿಗಿ ಅಂದರೆ ನೆರವೇ ಸಾಲುತ್ತಿಲ್ಲ; ಮತ್ತೆ 12 ವೋಲ್ಟಿನ ಕಡೆ ಹೋಗಿ. ನಾನು ಬೇರೆ ಯಾವ ಉಪಕರಣಕ್ಕಿಂತ ಈ ಹತ್ತು ನಿಮಿಷದ ಪರೀಕ್ಷೆಯನ್ನೇ ಹೆಚ್ಚು ನಂಬುತ್ತೇನೆ.

ಇಕ್ಕಟ್ಟಿನಲ್ಲಿ ಹಿಂದೆ ಮುಂದೆ ಮಾಡಿ ಪಾರ್ಕ್ ಮಾಡಿದ ಮೇಲೆ ಬಿಗಿಯಾಗುತ್ತದೆ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ.

ಮೋಟರು ಕಾದುಹೋಗದಂತೆ ಕಂಪ್ಯೂಟರೇ ನೆರವು ತಗ್ಗಿಸುತ್ತದೆ. ಹತ್ತು ನಿಮಿಷ ಆರಲು ಬಿಟ್ಟರೆ ಮೊದಲಿನಂತಾಗುತ್ತದೆ. ಇದು ಕೆಟ್ಟಿರುವ ಲಕ್ಷಣವೇನಲ್ಲ. ಎರಡೇ ಸಲ ತಿರುಗಿಸಿದ್ದಕ್ಕೆ ಹೀಗಾದರೆ ಮಾತ್ರ ಮೇಲಿನ ಎತ್ತಿ ನೋಡುವ ಪರೀಕ್ಷೆ ಮಾಡಿ.

ಒಂದೇ ಕಡೆಗೆ ಎಳೆಯುತ್ತದೆ.

ಮುಂದಿನ ಎರಡು ಟೈರನ್ನು ಎಡ ಬಲ ಅದಲುಬದಲು ಮಾಡಿ (ತಿರುಗುವ ದಿಕ್ಕಿನ ಬಾಣ ಇರುವ ಟೈರ್ ಆಗಿರದಿದ್ದರೆ). ಎಳೆತವೂ ಕಡೆ ಬದಲಾಯಿಸಿದರೆ ಟೈರ್. ಬದಲಾಗದಿದ್ದರೆ ಅಲೈನ್‌ಮೆಂಟ್, ಅಂದರೆ ಗಾಲಿಗಳ ಕೋನ ಸರಿಯಿಲ್ಲ. ಓಡಿಸಿ ಬಂದ ಮೇಲೆ ಒಂದು ಗಾಲಿ ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ.

ಗ್ಯಾರೇಜಿನಲ್ಲಿ ಮೂರು ಪಾರ್ಟ್ ಬದಲಾಯಿಸಿದರೂ ಸರಿ ಹೋಗಲಿಲ್ಲ. ಈಗೇನು?

ನನಗೂ ಆಗಿದೆ. ನನ್ನ ಮೊದಲ ಹೈಬ್ರಿಡ್ ಯಾವ ಕಂಪನಿಯದು, ಗ್ಯಾರೇಜ್ ಯಾವುದು ಅನ್ನುವುದೆಲ್ಲ ಬಿಡಿ. ತಿರುವಿನಲ್ಲಿ ಸ್ಟೇರಿಂಗ್ ಆಗಾಗ ಬಿಗಿಯಾಗುತ್ತಿತ್ತು. ಮೊದಲು ಟೈ ರಾಡ್, ಆಮೇಲೆ ಅಲೈನ್‌ಮೆಂಟ್, ಆಮೇಲೆ ಎರಡು ಸ್ಟ್ರಟ್. ಪ್ರತಿಯೊಂದಕ್ಕೂ "ಇದೇ ಸರ್" ಅಂದರು, ನಾನೂ ಪ್ರತಿ ಸಲ ತಲೆಯಾಡಿಸಿ ಕಾರ್ಡ್ ಕೊಟ್ಟೆ. ನಾಲ್ಕನೇ ಸಲ ಬಾನೆಟ್ ತೆಗೆದು ನಿಂತಿದ್ದಾಗ ಅರ್ಥ್ ವೈರಿನ ಬೋಲ್ಟನ್ನು ಸುಮ್ಮನೆ ಬೆರಳಿನಿಂದ ಮುಟ್ಟಿದೆ. ತಿರುಗಿತು! ಅಡಿಯಲ್ಲಿ ಬಿಳಿ ಪುಡಿ. ಮರಳು ಕಾಗದದಲ್ಲಿ ಉಜ್ಜಿ ಸ್ಪ್ಯಾನರ್ ಹಾಕಿ ಬಿಗಿ ಮಾಡಿದೆ, ಆಮೇಲೆ ಆ ತೊಂದರೆ ಮರಳಿ ಬರಲಿಲ್ಲ. ಗ್ಯಾರೇಜಿನವರು ಮೋಸ ಮಾಡಿದರು ಅನ್ನಲಾರೆ. ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಂದಿನಿಂದ ನನ್ನ ಕ್ರಮ ಬದಲಾಗಿಲ್ಲ: ಟೈರ್ ಗಾಳಿ, 12 ವೋಲ್ಟ್, ಟರ್ಮಿನಲ್ ಮತ್ತು ಅರ್ಥ್, ರೀಕಾಲ್, ಎತ್ತಿ ಕೈಯಿಂದ ತಿರುಗಿಸುವುದು, ಕೋಡ್, ಕನೆಕ್ಟರ್. ಕಾಲಮ್ ಕಟ್ಟಕಡೆಗೆ. ದುಡ್ಡು ಬೇಡದ್ದು ಮೊದಲು.

ಗುಜರಿಯಿಂದ ಹಳೇ ಕಾಲಮ್ ತಂದು ನಾನೇ ಹಾಕಿಕೊಳ್ಳಬಹುದಾ?

ಕೈಚಳಕ ಇದ್ದವರು ಹಾಕಿಕೊಂಡಿದ್ದಾರೆ. ಹೊಸದಕ್ಕಿಂತ ಜಂಕ್‌ಯಾರ್ಡಿನದು ಎಷ್ಟೋ ಅಗ್ಗ. ಆದರೆ ಇದು ಮೊದಲ ಸಲ ಸ್ಪ್ಯಾನರ್ ಹಿಡಿಯುವವರ ಕೆಲಸವಲ್ಲ, ಮುಖ್ಯವಾಗಿ ಏರ್‌ಬ್ಯಾಗಿನ ಕಾರಣಕ್ಕೆ. 12 ವೋಲ್ಟಿನ ನೆಗೆಟಿವ್ ಟರ್ಮಿನಲ್ ಬಿಚ್ಚಿ ಕನಿಷ್ಠ 90 ಸೆಕೆಂಡ್ ಕಾಯಬೇಕು. ನಾನಂತೂ ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ಕುಡಿದು ಬರುತ್ತೇನೆ. ಬಿಚ್ಚಿದ ಏರ್‌ಬ್ಯಾಗನ್ನು ಮುಖ ಮೇಲೆ ಮಾಡಿ ಇಡಿ. ಗಾಲಿಗಳು ನೇರ ಇರಲಿ, ಶಾಫ್ಟಿನ ಜೋಡಣೆಯ ಮೇಲೆ ಪೇಂಟಿನ ಗೆರೆ ಎಳೆದುಕೊಳ್ಳಿ. ಸ್ಟೇರಿಂಗಿನ ಹಿಂದೆ ಸುರುಳಿ ಸುತ್ತಿದ ರಿಬ್ಬನ್ ಕೇಬಲ್ ಇರುತ್ತದೆ. ಶಾಫ್ಟ್ ಕಳಚಿರುವಾಗ ಸ್ಟೇರಿಂಗನ್ನು ಮನಸ್ಸಿಗೆ ಬಂದಂತೆ ತಿರುಗಿಸಿದರೆ ಅದು ಕಿತ್ತುಹೋಗಿ ಹಾರ್ನೂ ಏರ್‌ಬ್ಯಾಗೂ ಎರಡೂ ಸಾಯುತ್ತವೆ.

ಪಾರ್ಟ್ ನಂಬರ್ ತಾಳೆ ನೋಡಿ ಕೊಳ್ಳಿ, ವರ್ಷದಿಂದ ವರ್ಷಕ್ಕೆ ಬದಲಾವಣೆಗಳಿವೆ. ಹಾಕಿದ ಮೇಲೆ ಝೀರೋ ಪಾಯಿಂಟ್ ಕ್ಯಾಲಿಬ್ರೇಷನ್ ಆಗಲೇಬೇಕು. ಅದನ್ನು ಬಿಟ್ಟು "ಹೊಸ ಕಾಲಮ್ಮೂ ಕೆಟ್ಟದ್ದೇ ಸಿಕ್ಕಿತು" ಅಂತ ಗೋಳಾಡಿದವರಿದ್ದಾರೆ. ಈ ಕೆಲಸಕ್ಕೆ ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್ ಮುಟ್ಟುವ ಅಗತ್ಯವೇ ಇಲ್ಲ. ಮುಟ್ಟಬೇಡಿ.

ಇಷ್ಟು ಹಳೇ ಗಾಡಿಗೆ ಅಷ್ಟು ಖರ್ಚು ಮಾಡಬೇಕಾ?

ದೊಡ್ಡ ಬ್ಯಾಟರಿ ಹೇಗಿದೆ, ಅಡಿಭಾಗ ತುಕ್ಕು ಹಿಡಿದಿದೆಯೇ ಅನ್ನುವುದರ ಮೇಲಿದೆ. ಕ್ಯಾಲಿಫೋರ್ನಿಯಾದಲ್ಲೇ ಬೆಳೆದ, ಬ್ಯಾಟರಿ ಬದಲಾಯಿಸಿದ ಗಾಡಿಗೆ ನಾನು ಕಣ್ಣು ಮುಚ್ಚಿ ಕಾಲಮ್ ಹಾಕಿಸುತ್ತೇನೆ. ಹಿಮ ಕರಗಲೆಂದು ಉಪ್ಪು ಸುರಿಯುವ ಮಿಷಿಗನ್ನಿನ ರಸ್ತೆಯಲ್ಲಿ ಹದಿನೆಂಟು ಚಳಿಗಾಲ ಕಂಡ, ಬ್ಯಾಟರಿಯೂ ಏದುಸಿರು ಬಿಡುತ್ತಿರುವ ಗಾಡಿಗೆ ಹಾಕಿಸುವುದಿಲ್ಲ. ಮಾರುವುದಾದರೆ ಕೊಳ್ಳುವವರಿಗೆ ಸ್ಟೇರಿಂಗ್ ವಿಷಯ ಬಾಯಿಬಿಟ್ಟು ಹೇಳಿ.

ಊರಲ್ಲಿ ಅಪ್ಪನ ಹತ್ತಿರ ಹಳೇ ಹೈಬ್ರಿಡ್ ಇದೆ. ಇದೆಲ್ಲ ಅಲ್ಲಿಗೂ ಅನ್ವಯಿಸುತ್ತಾ?

ಭಾರತದಲ್ಲಿ ಅಧಿಕೃತವಾಗಿ ಮಾರಿದ ಹಳೇ ಹೈಬ್ರಿಡ್‌ಗಳು ಕಮ್ಮಿ. 2008ರ ಹೋಂಡಾ ಸಿವಿಕ್ ಹೈಬ್ರಿಡ್, 2010ರಲ್ಲಿ ಬಂದ ಮೂರನೇ ತಲೆಮಾರಿನ ಪ್ರಿಯಸ್, 2013ರಿಂದ ನಮ್ಮ ಬಿಡದಿಯಲ್ಲೇ ಜೋಡಿಸಿದ ಕ್ಯಾಮ್ರಿ ಹೈಬ್ರಿಡ್. ಮೂರರಲ್ಲೂ ಸ್ಟೇರಿಂಗಿಗೆ ನೆರವು ಎಲೆಕ್ಟ್ರಿಕ್ ಮೋಟರಿನದೇ, ಆದ್ದರಿಂದ ಹುಡುಕುವ ಕ್ರಮ ಇದೇ. ಮೇಲೆ ಹೇಳಿದ ಕೋಡ್ ನಂಬರು, ಬಚ್ಚಿಟ್ಟ ಪರದೆ, ಟೈರ್ ಗಾಳಿಯ ಅಂಕಿ ಮಾತ್ರ ಆ ಗಾಡಿಗಳಿಗೆ ಹೊಂದುವುದಿಲ್ಲ, ಅವುಗಳದ್ದೇ ಕೈಪಿಡಿ ನೋಡಿ.

ಅಲ್ಲಿ ಎರಡು ಅನುಮಾನ ಮುಂದಕ್ಕೆ ಬರುತ್ತವೆ. ರೋಡ್ ಹಂಪು, ಗುಂಡಿಗಳಿಂದ ಟೈ ರಾಡ್, ಲಿಂಕ್ ರಾಡ್, ಲೋಯರ್ ಆರ್ಮ್ ಬುಷ್ ಬೇಗ ಹೋಗುತ್ತವೆ. ಇನ್ನೊಂದು, ಅಪ್ಪ ಗಾಡಿ ತೆಗೆಯುವುದೇ ವಾರಕ್ಕೊಮ್ಮೆ ದೇವಸ್ಥಾನಕ್ಕೆ ಅಂದರೆ 12 ವೋಲ್ಟ್ ಬ್ಯಾಟರಿ ಯಾವಾಗಲೂ ಅರೆಹೊಟ್ಟೆಯಲ್ಲಿರುತ್ತದೆ. ಬಾನೆಟ್ ತೆಗೆದಾಗ ಇಲಿ ಹಿಕ್ಕೆ ಇದೆಯೇ ಅಂತಲೂ ನೋಡಲು ಹೇಳಿ.

ಗ್ಯಾರೇಜಿಗೆ ಹೋದಾಗ ತೊಂದರೆ ಬರುವುದೇ ಇಲ್ಲ. ಮನೆಗೆ ಬಂದರೆ ಮತ್ತೆ ಶುರು!

ಹಲ್ಲುನೋವಿನ ಹಾಗೆ. ನೀವು ಓಡಿಸಿಕೊಂಡು ಹೋಗುವಷ್ಟರಲ್ಲಿ ಗಾಡಿ ಬಿಸಿಯಾಗಿರುತ್ತದೆ. ಹಿಂದಿನ ಸಂಜೆಯೇ ಬಿಟ್ಟು ಬನ್ನಿ, ಬೆಳಿಗ್ಗೆ ಮೊದಲ ಸ್ಟಾರ್ಟ್ ಮೆಕ್ಯಾನಿಕ್ಕೇ ಮಾಡಲಿ. ಫೋನಿನಲ್ಲಿ ವೀಡಿಯೊ ಮಾಡಿಟ್ಟುಕೊಳ್ಳಿ, ಸ್ಟೇರಿಂಗೂ ಡ್ಯಾಶ್‌ಬೋರ್ಡೂ ಒಂದೇ ಚೌಕಟ್ಟಿನಲ್ಲಿ ಕಾಣಬೇಕು, ಸದ್ದೂ ಕೇಳಬೇಕು. ಜೊತೆಗೆ ನೋಟ್‌ಬುಕ್ಕಿನ ಪುಟ. ಸ್ನೇಹಿತರೊಬ್ಬರು ಬರೆದದ್ದನ್ನು ಹಾಗೇ ಕೊಡುತ್ತೇನೆ, ಇಷ್ಟಿದ್ದರೆ ಧಾರಾಳ:

"ಜನವರಿ 12, ಬೆಳಿಗ್ಗೆ 7. ಗಾಜಿನ ಮೇಲೆ ಹಿಮ. ರೆಡಿ ಬಂದ ತಕ್ಷಣ ಸ್ಟೇರಿಂಗ್ ಎಡಬಲ ನಾಲ್ಕು ಸಲ ಅದುರಿತು. ಕೆಂಪು ತ್ರಿಕೋನ. ಬಿಗಿ. ಆಫ್ ಆನ್ ಮಾಡಿದೆ, ಸರಿ. ರಾತ್ರಿ ನಿಂತಾಗ ಬ್ಯಾಟರಿ 12.6. ಜನವರಿ 15, ಅದೇ. ಜನವರಿ 16, ಅದೇ, ಎರಡು ಸಲ ಆಫ್ ಆನ್ ಮಾಡಬೇಕಾಯಿತು. ಜನವರಿ 19, ಮಧ್ಯಾಹ್ನ, ಬಿಸಿಲು, ಆದರೂ ಬಂತು. ಇನ್ನು ಇವಳಿಗೆ ಓಡಿಸಲು ಕೊಡುವುದಿಲ್ಲ."